ಬೆಲೆ ಹೇಳುವವರು, ಬೆಲೆ ಕಟ್ಟುವವರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಕಟ್ಟಿದ ಮನೆಯನ್ನು ಕೊಂಡು ನೋಡು ಎಂದು ಅವರು ಹೇಳಲಿಲ್ಲ. ಅವರ ಕಾಲಕ್ಕೆ ಮನೆಯೆಂಬುದು ಹುಟ್ಟುವ, ಬಾಳುವ, ಕಡೆಗೆ ಕಣ್ಣು ಮುಚ್ಚುವ ಜಾಗವಾಗಿತ್ತೇ ಹೊರತು ಕೈಯಿಂದ ಕೈಗೆ ದಾಟುವ ಸರಕಾಗಿರಲಿಲ್ಲ. ಒಬ್ಬನು ಮನೆ ಮಾರಿದನೆಂದರೆ ಆ ಮನೆತನಕ್ಕೆ ಏನೋ ಕೇಡು ತಟ್ಟಿದೆಯೆಂದೇ ಊರು ತಿಳಿಯುತ್ತಿತ್ತು. ಈಗ ಕಾಲ ಬೇರೆಯಾಗಿದೆ. ಮಗ ಪುಣೆಯಲ್ಲಿ, ಮಗಳು ಬೆಂಗಳೂರಿನಲ್ಲಿ ನೆಲೆಸಿದ ಮೇಲೆ ಬೈಲಹೊಂಗಲದ ಹಳೆಯ ಮಾಳಿಗೆಮನೆ ಮಾರಾಟಕ್ಕೆ ಬರುತ್ತದೆ. ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುವ ದಂಪತಿಗಳು ಮಕ್ಕಳ ಓದಿಗಾಗಿ ಸವದತ್ತಿಯಲ್ಲಿ ಮನೆ ಹುಡುಕುತ್ತಾರೆ. ರಾಮದುರ್ಗದ ನೇಕಾರನೊಬ್ಬ ಮಗ್ಗಕ್ಕೂ ಮಕ್ಕಳಿಗೂ ಜಾಗ ಸಾಲದೆ ಎರಡು ಅಂಕಣ ಹೆಚ್ಚಿರುವ ಮನೆಗಾಗಿ ತಿರುಗುತ್ತಾನೆ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೆ ಮದುವೆಗಿರುವ ಶಾಸ್ತ್ರ, ಸಂಪ್ರದಾಯ, ಹಿರಿಯರ ಕಣ್ಗಾವಲು ಈ ವ್ಯವಹಾರಕ್ಕೆ ಇನ್ನೂ ಒದಗಿಬಂದಿಲ್ಲ.

ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಇಬ್ಬರು ಬಂದು ನಿಲ್ಲುತ್ತಾರೆ. ಒಬ್ಬರು, ಮನೆ ತೋರಿಸಿ, ಮಾತು ಕೂಡಿಸಿ, ವ್ಯವಹಾರವನ್ನು ದಡ ಮುಟ್ಟಿಸುವ ಏಜೆಂಟರು. ಹಳಬರ ಬಾಯಲ್ಲಿ ದಲಾಲರು. ಇನ್ನೊಬ್ಬರು, ಕೊಳ್ಳುವವನು ಸಾಲ ಕೇಳಿದಾಗ ಬ್ಯಾಂಕಿನ ಪರವಾಗಿ ಬಂದು ಮನೆಯನ್ನು ಅಳೆದು, ನೋಡಿ, ಇದರ ಮೌಲ್ಯ ಇಷ್ಟು ಎಂದು ಬರೆದುಕೊಡುವ ಮೌಲ್ಯಮಾಪಕರು. ನಮ್ಮ ಜನ ಅವರನ್ನು ‘ವ್ಯಾಲ್ಯುಯರ್ ಸಾಹೇಬ್ರು’ ಎನ್ನುತ್ತಾರೆ. ಬ್ಯಾಂಕೊಂದರ ಸಾಲದ ವಿಭಾಗದಲ್ಲಿ ಕುಳಿತು ಈ ಇಬ್ಬರನ್ನೂ ಬಹುಕಾಲ ಹತ್ತಿರದಿಂದ ಕಂಡವನು ನಾನು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರುಗಳ ಕಾಗದಪತ್ರಗಳು ನನ್ನ ಮೇಜಿನ ಮೇಲೆ ಹಾದುಹೋಗಿವೆ. ಈ ಇಬ್ಬರೂ ಒಬ್ಬರನ್ನೊಬ್ಬರು ಸಂಶಯದಿಂದ ನೋಡುವುದನ್ನೂ, ಆ ಸಂಶಯದ ದಂಡವನ್ನು ಮೂರನೆಯವನೊಬ್ಬ ತೆರುವುದನ್ನೂ ನಾನು ಕಂಡಿದ್ದೇನೆ. ಆದ್ದರಿಂದ ಇವರು ಹೇಗೆ ಕೂಡಿ ದುಡಿಯಬಹುದು ಎಂಬುದನ್ನು ಈ ಹೊತ್ತು ನಿಮ್ಮೊಡನೆ ಆಲೋಚಿಸಬೇಕೆಂದಿದ್ದೇನೆ.

ಮೊದಲು ಎರಡು ಶಬ್ದಗಳನ್ನು ಬೇರ್ಪಡಿಸಿಕೊಳ್ಳೋಣ. ಬೆಲೆ ಒಂದು, ಮೌಲ್ಯ ಇನ್ನೊಂದು. ಈ ಮನೆಯನ್ನು ಈ ಮನುಷ್ಯ ಈ ದಿನ ಎಷ್ಟಕ್ಕೆ ಕೊಳ್ಳಲು ಒಪ್ಪಿದ ಎಂಬುದು ಬೆಲೆ. ಅದರಲ್ಲಿ ಅವನ ಅವಸರ ಸೇರಿರುತ್ತದೆ, ಪಕ್ಕದ ಮನೆ ತಮ್ಮನದೆಂಬ ಮಮತೆ ಸೇರಿರುತ್ತದೆ, ಪೂರ್ವದಿಕ್ಕಿನ ಬಾಗಿಲಿನ ಮೇಲಿನ ನಂಬಿಕೆ ಸೇರಿರುತ್ತದೆ. ಅವಸರವೂ ಇಲ್ಲದ, ಮಮತೆಯೂ ಇಲ್ಲದ, ವಿಷಯ ತಿಳಿದ ಇಬ್ಬರು ಕೂಡಿದರೆ ಇದೇ ಮನೆ ಎಷ್ಟಕ್ಕೆ ಹೋದೀತು ಎಂಬ ಅಂದಾಜು ಮೌಲ್ಯ. ಏಜೆಂಟರ ವೃತ್ತಿ ಬೆಲೆಯ ಜೊತೆಗೆ; ಮೌಲ್ಯಮಾಪಕರ ವೃತ್ತಿ ಮೌಲ್ಯದ ಜೊತೆಗೆ. ಬ್ಯಾಂಕಿಗೆ ಬೇಕಾದದ್ದು ಎರಡನೆಯದು. ನಾಳೆ ಸಾಲಗಾರನಿಗೆ ಕಷ್ಟ ಬಂದು ಮನೆ ಹರಾಜಿಗೆ ನಿಂತರೆ, ಆ ಪೂರ್ವದಿಕ್ಕಿನ ಬಾಗಿಲಿಗೆ ಮನಸೋಲುವ ಇನ್ನೊಬ್ಬ ಬಂದೇ ಬರುತ್ತಾನೆಂಬ ಭರವಸೆ ಅದಕ್ಕಿಲ್ಲ.

ಅಳೆಯುವುದು, ಬೆಲೆ ಕಟ್ಟುವುದು ನಮ್ಮ ಸೀಮೆಗೆ ಹೊಸ ಸಂಗತಿಯೇನಲ್ಲ. ಸವದತ್ತಿ ರಟ್ಟರ ಕಾಲದ ಸುಗಂಧವರ್ತಿ. ಅಲ್ಲಿಯ ಶಾಸನಗಳಲ್ಲಿ ದಾನ ಕೊಟ್ಟ ಭೂಮಿಯನ್ನು ಮತ್ತರಿನ ಲೆಕ್ಕದಲ್ಲಿ ಹೇಳಿ, ಎಲ್ಲೆಗಳನ್ನು ಗುರುತಿಸಿಟ್ಟಿದ್ದಾರೆ. ಕಂಪನಿ ಸರಕಾರ ಬಂದ ಮೇಲೆ ಮುಂಬಯಿ ಪ್ರಾಂತದ ಭೂಮಾಪನೆಗಾಗಿ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಎಂಬ ಮೂವರು ಅಧಿಕಾರಿಗಳು ೧೮೪೭ರಲ್ಲಿ ಒಂದು ಜಂಟಿ ವರದಿಯನ್ನು ಸಿದ್ಧಪಡಿಸಿದರು. ವಿಂಗೇಟ್ ನಮ್ಮ ದಕ್ಷಿಣ ಮರಾಠಾ ಸೀಮೆಯ ಮಾಪನೆಯ ಮೇಲ್ವಿಚಾರಕನಾಗಿದ್ದವನು. ಆ ಪದ್ಧತಿಯಲ್ಲಿ ಉತ್ತಮೋತ್ತಮ ಭೂಮಿಗೆ ಹದಿನಾರು ಆಣೆ. ಅಲ್ಲಿಂದ ಮಣ್ಣಿನ ಬಣ್ಣ, ಅದರ ಆಳ ನೋಡಿ ಕೆಳಕೆಳಗಿನ ದರ್ಜೆಗಳು. ಇದರ ಮೇಲೆ ಏಳು ದೋಷಗಳನ್ನು ಅವರು ಎಣಿಸಿದರು. ಸುಣ್ಣದ ಹರಳು ಬೆರೆತಿರುವುದು, ಮರಳು ಬೆರೆತಿರುವುದು, ನೆಲ ಇಳಿಜಾರಾಗಿರುವುದು, ನೀರು ಇಂಗದಿರುವುದು, ಹರಿಯುವ ನೀರು ಮಣ್ಣನ್ನು ಕೊಚ್ಚುವುದು ಹೀಗೆ. ದೋಷವೊಂದಕ್ಕೆ ಒಂದು ದರ್ಜೆ ಇಳಿತ. ದೋಷವಿದ್ದ ಮಾತ್ರಕ್ಕೆ ಭೂಮಿಯನ್ನು ಯಾರೂ ತಿರಸ್ಕರಿಸಲಿಲ್ಲ. ದೋಷವನ್ನು ಲೆಕ್ಕಕ್ಕೆ ತೆಗೆದುಕೊಂಡರು, ಅಷ್ಟೆ. ಇಂದಿನ ಏಜೆಂಟರು ಈ ಒಂದು ಮಾತನ್ನು ಮನಸ್ಸಿಗೆ ತಂದುಕೊಂಡರೆ ಅರ್ಧ ಜಗಳ ಅಲ್ಲಿಯೇ ತೀರೀತು. ದೋಷ ಹೇಳಿದರೆ ವ್ಯವಹಾರ ಮುರಿಯುತ್ತದೆಂದು ಅವರು ಹೆದರುತ್ತಾರೆ. ಹೇಳಿದ ದೋಷ ಒಂದು ದರ್ಜೆಯನ್ನಷ್ಟೇ ಇಳಿಸುತ್ತದೆ. ಬಚ್ಚಿಟ್ಟ ದೋಷ ಹೊರಬಿದ್ದಾಗ ನಂಬಿಕೆಯನ್ನೇ ಇಳಿಸುತ್ತದೆ.

ಇನ್ನು ಇಂದಿನ ಕಟ್ಟಳೆಗಳಿಗೆ ಬರೋಣ. ೧೯೫೭ರ ಸಂಪತ್ತಿನ ತೆರಿಗೆಯ ಕಾನೂನಿಗೆ ೧೯೭೨ರಲ್ಲಾದ ತಿದ್ದುಪಡಿಯಿಂದ ನೋಂದಾಯಿತ ಮೌಲ್ಯಮಾಪಕರೆಂಬ ವರ್ಗ ನಮ್ಮಲ್ಲಿ ಹುಟ್ಟಿತು. ಆ ತೆರಿಗೆ ೨೦೧೫ರಲ್ಲಿ ರದ್ದಾದರೂ ವೃತ್ತಿ ಉಳಿದು ಬೆಳೆಯಿತು. ೨೦೧೩ರ ಕಂಪನಿ ಕಾನೂನಿನ ಅಡಿಯಲ್ಲಿ ೨೦೧೭ರಲ್ಲಿ ಹೊರಬಿದ್ದ ನಿಯಮಗಳು ಭೂಮಿ ಮತ್ತು ಕಟ್ಟಡಗಳ ಮೌಲ್ಯಮಾಪನೆಯನ್ನು ಪ್ರತ್ಯೇಕ ವಿಭಾಗವೆಂದು ಗುರುತಿಸಿ, ಪರೀಕ್ಷೆ, ಅನುಭವ, ನಡತೆಯ ಸಂಹಿತೆ ಇವುಗಳನ್ನು ವಿಧಿಸಿದವು. ವ್ಯವಹಾರ ಕೂಡಿತೆಂಬ ಕಾರಣಕ್ಕೆ ಮೌಲ್ಯಮಾಪಕ ಹಣ ಪಡೆಯಕೂಡದೆಂಬುದು ಆ ಸಂಹಿತೆಯ ಒಂದು ಮಾತು. ಆಸ್ತಿಯಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಹಿತಾಸಕ್ತಿ ಇರದವರಿಂದಲೇ ಮೌಲ್ಯ ಕಟ್ಟಿಸಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದೆ. ಏಜೆಂಟರ ಕಡೆಗೂ ಕಾನೂನು ಕಣ್ಣು ಹಾಯಿಸಿದೆ. ೨೦೧೬ರ ಸ್ಥಿರಾಸ್ತಿ ಕಾನೂನು, ಜನರ ಬಾಯಲ್ಲಿ ‘ರೇರಾ’, ಅದರ ವ್ಯಾಪ್ತಿಗೆ ಬರುವ ಬಡಾವಣೆ, ಕಟ್ಟಡಗಳ ನಿವೇಶನ, ಮನೆಗಳನ್ನು ಮಾರಿಸುವ ಏಜೆಂಟರು ನೋಂದಣಿ ಮಾಡಿಸಿಕೊಳ್ಳಬೇಕು, ಲೆಕ್ಕದ ಪುಸ್ತಕ ಇಡಬೇಕು ಎಂದಿತು. ಆದರೆ ಒಬ್ಬರ ಹಳೆಯ ಮನೆಯನ್ನು ಇನ್ನೊಬ್ಬರಿಗೆ ಕೊಡಿಸುವ ನಮ್ಮೂರಿನ ದಲಾಲರು ಬಹುಮಟ್ಟಿಗೆ ಆ ಕಾನೂನಿನ ಹೊರಗೇ ಉಳಿದಿದ್ದಾರೆ. ಅವರನ್ನು ಕಾಯುವುದು ಅವರ ಹೆಸರೊಂದೇ.

ಇಲ್ಲಿಯೇ ಎರಡು ವೃತ್ತಿಗಳ ಮೂಲಭೇದವಿದೆ. ಏಜೆಂಟರಿಗೆ ವ್ಯವಹಾರ ಕೂಡಿದರೆ ನೂರಕ್ಕೆ ಒಂದೋ ಎರಡೋ ದಲಾಲಿ; ಕೂಡದಿದ್ದರೆ ತಿರುಗಾಡಿದ ಚಪ್ಪಲಿಯ ಸವೆತವೊಂದೇ ಗಳಿಕೆ. ಮೌಲ್ಯಮಾಪಕರಿಗೆ ಕೂಡಿದರೂ ಅಷ್ಟೇ ಶುಲ್ಕ, ಕೂಡದಿದ್ದರೂ ಅಷ್ಟೇ. ಒಬ್ಬರ ಅನ್ನ ವ್ಯವಹಾರಕ್ಕೆ ಕಟ್ಟಿಕೊಂಡಿದೆ. ಇನ್ನೊಬ್ಬರ ಅನ್ನ ಕಟ್ಟಿಕೊಂಡಿರಲೇಕೂಡದು. ಇದರಲ್ಲಿ ಒಬ್ಬರು ದೊಡ್ಡವರು, ಇನ್ನೊಬ್ಬರು ಸಣ್ಣವರು ಎಂಬುದಿಲ್ಲ. ಬಂಡಿಗೆ ಎತ್ತೂ ಬೇಕು, ಅಚ್ಚಿನ ಕೀಲೂ ಬೇಕು. ಎತ್ತು ಎಳೆಯುತ್ತದೆ, ಕೀಲು ತಡೆದು ಹಿಡಿಯುತ್ತದೆ. ಕೀಲು ಎಳೆಯುತ್ತಿಲ್ಲವೆಂದು ಎತ್ತು ಮುನಿಸಿಕೊಂಡರೆ ಹೇಗೆ?

ಮುನಿಸು ಹುಟ್ಟುವ ಜಾಗವನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ಮನೆಯೊಂದು ಮೂವತ್ತು ಲಕ್ಷಕ್ಕೆ ಮಾತಾಯಿತೆಂದು ಇಟ್ಟುಕೊಳ್ಳಿ. ಬ್ಯಾಂಕು ನೂರಕ್ಕೆ ಎಂಬತ್ತು ಸಾಲ ಕೊಡುತ್ತದೆ, ಇಪ್ಪತ್ತನಾಲ್ಕು ಲಕ್ಷ ಅಲ್ಲಿಂದ ಬಂದೀತು, ತನ್ನ ಕೈಯಿಂದ ಆರು ಲಕ್ಷ ಹಾಕಿದರಾಯಿತು ಎಂದು ಕೊಳ್ಳುವವನು ಎಣಿಸಿ ಎರಡು ಲಕ್ಷ ಸಂಚಕಾರ ಕೊಡುತ್ತಾನೆ. ಮೂರು ತಿಂಗಳ ವಾಯಿದೆ. ಮೌಲ್ಯಮಾಪಕರು ಬಂದು ಇಪ್ಪತ್ತೈದು ಲಕ್ಷವೆಂದು ಬರೆಯುತ್ತಾರೆ. ಮಾತಾದ ಬೆಲೆ, ಕಟ್ಟಿದ ಮೌಲ್ಯ ಇವೆರಡರಲ್ಲಿ ಕಡಿಮೆಯಾದದ್ದನ್ನೇ ಬ್ಯಾಂಕು ಹಿಡಿಯುತ್ತದೆ. ಮೌಲ್ಯದ ಇಂತಿಷ್ಟು ಪಾಲಿಗಿಂತ ಹೆಚ್ಚು ಕೊಡಕೂಡದೆಂದು ರಿಸರ್ವ್ ಬ್ಯಾಂಕಿನ ಕಟ್ಟೂ ಇದೆ: ಮೂವತ್ತು ಲಕ್ಷದವರೆಗಿನ ಮನೆಸಾಲಕ್ಕೆ ನೂರಕ್ಕೆ ೯೦, ಎಪ್ಪತ್ತೈದು ಲಕ್ಷದವರೆಗೆ ನೂರಕ್ಕೆ ೮೦, ಅದರ ಮೇಲೆ ನೂರಕ್ಕೆ ೭೫. ನಮ್ಮ ಲೆಕ್ಕದಲ್ಲಿ ಸಾಲ ಇಪ್ಪತ್ತು ಲಕ್ಷಕ್ಕೆ ಇಳಿಯಿತು. ಕೈಯಿಂದ ಆರು ಲಕ್ಷ ಹಾಕಬೇಕಾದವನು ಹತ್ತು ಲಕ್ಷ ಹಾಕಬೇಕು. ಆ ನಾಲ್ಕು ಲಕ್ಷ ಎಲ್ಲಿಂದ ಬರಬೇಕು? ಹೆಂಡತಿಯ ಕೊರಳಿನಿಂದ, ಇಲ್ಲವೆ ಕೈಸಾಲದ ಬಡ್ಡಿಯವನಿಂದ. ತರಲಾಗದಿದ್ದರೆ ಸಂಚಕಾರಕ್ಕೇ ಸಂಚಕಾರ ಬರುತ್ತದೆ.

ಈ ಘಳಿಗೆಯಲ್ಲಿ ಏಜೆಂಟರು ಹೇಳುವ ಮಾತನ್ನು ನಾನು ಅದೆಷ್ಟೋ ಸಲ ಕೇಳಿದ್ದೇನೆ. ‘ಸಾಹೇಬ್ರ, ಮೂವತ್ತಕ್ಕ ಮಾತಾಗೇತ್ರಿ. ನೀವೂ ಒಂಚೂರು ಹೊಂದಿಸಿ ಬರದ್ರ ಎಲ್ಲಾರಿಗೂ ಚಲೋ ಆಗತೈತಿ.’ ಒಬ್ಬ ಹಿರಿಯ ಮೌಲ್ಯಮಾಪಕರು ಇದಕ್ಕೆ ಕೊಟ್ಟ ಉತ್ತರ ನನಗೆ ಮರೆಯುವಂತಿಲ್ಲ. ‘ಯಜಮಾನ್ರ, ಮಾತು ನಿಮ್ಮದು, ಸಹಿ ನಂದೈತ್ರಿ.’

ಆದರೆ ಮೌಲ್ಯಮಾಪಕರು ಇಪ್ಪತ್ತೈದು ಎಂದು ಬರೆದದ್ದೇಕೆ? ಅವರು ಮನೆಯನ್ನು ಎರಡಾಗಿ ಬಿಡಿಸಿಕೊಳ್ಳುತ್ತಾರೆ. ನೆಲ ಒಂದು, ಕಟ್ಟಡ ಒಂದು. ಕಟ್ಟಡವನ್ನು ಈಗ ಕಟ್ಟಿದರೆ ಎಷ್ಟಾಗುತ್ತಿತ್ತೆಂದು ಲೆಕ್ಕ ಹಾಕಿ, ಅದರ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. ನೆಲದ ದರಕ್ಕೆ ಆ ಓಣಿಯಲ್ಲಿ ಇತ್ತೀಚೆಗೆ ನೋಂದಣಿಯಾದ ಖರೀದಿಪತ್ರಗಳನ್ನು ನೋಡುತ್ತಾರೆ. ಸರಕಾರದ ಮಾರ್ಗಸೂಚಿ ದರವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಕರ್ನಾಟಕದಲ್ಲಿ ಈ ದರಗಳು ೨೦೨೩ರ ಅಕ್ಟೋಬರ್ ೧ರಿಂದ ಪರಿಷ್ಕೃತವಾದವು. ಖರೀದಿಪತ್ರಗಳಲ್ಲಿರುವ ಬೆಲೆ ಯಾವುದು? ಪಕ್ಕದ ಮನೆ ನಿಜವಾಗಿ ಇಪ್ಪತ್ತೆಂಟಕ್ಕೆ ಹೋಗಿರುತ್ತದೆ, ಪತ್ರದಲ್ಲಿ ಹದಿನೆಂಟು. ಉಳಿದ ಹತ್ತು ಕತ್ತಲೆಯಲ್ಲಿ ಕೈಬದಲಾಗಿರುತ್ತದೆ. ಆ ವ್ಯವಹಾರವನ್ನು ಕೂಡಿಸಿದವರು, ಪತ್ರದಲ್ಲಿ ಕಡಿಮೆ ಬರೆಸಿ ಮುದ್ರಾಂಕ ಉಳಿಸಿಕೊಟ್ಟವರು, ಅನೇಕ ಸಲ ಇದೇ ಏಜೆಂಟರು. ಹೋದ ವರ್ಷ ಅವರು ಬರೆಸಿದ ಆ ಹದಿನೆಂಟೇ ಈ ವರ್ಷ ಅವರ ಗಿರಾಕಿಯ ಎದುರಿಗೆ ಸಾಕ್ಷಿಯಾಗಿ ಬಂದು ನಿಲ್ಲುತ್ತದೆ! ‘ಇಪ್ಪತ್ತೆಂಟಕ್ಕ ಹೋಗೇತಿ ಅಂತ ಊರಿಗೆಲ್ಲಾ ಗೊತ್ತೈತ್ರಿ’ ಎಂದರೆ ಮೌಲ್ಯಮಾಪಕರೇನು ಮಾಡಿಯಾರು? ಊರಿನ ಪಿಸುಮಾತಿಗೆ ದಸ್ತಾವೇಜಿನ ಸಂಖ್ಯೆಯಿಲ್ಲ.

ಇದು ಕೇವಲ ನೀತಿಯ ಮಾತಲ್ಲ. ವೃತ್ತಿಯ ಹಿತದ ಮಾತೂ ಹೌದು. ಒಂದೇ ಕಾಗದ ನೋಂದಣಿ ಕಚೇರಿಯಲ್ಲಿ ಕುಗ್ಗಿ ಬ್ಯಾಂಕಿನಲ್ಲಿ ಹಿಗ್ಗಲಾರದು. ಸ್ಥಿರಾಸ್ತಿಯ ಸಂಚಕಾರವನ್ನು ಇಪ್ಪತ್ತು ಸಾವಿರ ಅಥವಾ ಅದಕ್ಕೂ ಹೆಚ್ಚಿನ ಮೊತ್ತದಲ್ಲಿ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು ೨೦೧೫ರಿಂದ ನಿಷೇಧಿಸಿದೆ. ಊರಿನ ಏಜೆಂಟರೆಲ್ಲ ನಿಜವಾದ ಬೆಲೆಯನ್ನೇ ಪತ್ರದಲ್ಲಿ ಬರೆಸುತ್ತ ಹೋದರೆ ಕೆಲವೇ ವರ್ಷಗಳಲ್ಲಿ ಆ ಊರಿನ ಮೌಲ್ಯಮಾಪನೆ ತಾನಾಗಿಯೇ ನಿಜದ ಹತ್ತಿರ ಬಂದು ನಿಲ್ಲುತ್ತದೆ. ಮೌಲ್ಯಮಾಪಕರೊಡನೆ ಕೂಡಿ ದುಡಿಯುವ ಮೊದಲ ಪಾಠ ಅವರು ಮನೆ ನೋಡಲು ಬರುವ ದಿನದಲ್ಲಿಲ್ಲ. ಅದಕ್ಕೆ ಬಹಳ ಮೊದಲು ಬರೆಸಿದ ಪತ್ರಗಳಲ್ಲಿದೆ.

ಹಾಗಾದರೆ ಆ ದಿನ ಏಜೆಂಟರಿಗೆ ಕೆಲಸವೇ ಇಲ್ಲವೆ? ಬೇಕಾದಷ್ಟಿದೆ. ಮೌಲ್ಯಮಾಪಕರು ಬಹುಶಃ ಬೆಳಗಾವಿಯಿಂದಲೋ ಧಾರವಾಡದಿಂದಲೋ ಬಂದವರು. ಅವರಿಗೆ ಸಿಗುವುದು ಒಂದು ತಾಸು. ಏಜೆಂಟರಿಗೆ ಆ ಓಣಿಯ ಮೂವತ್ತು ವರ್ಷದ ಚರಿತ್ರೆ ಗೊತ್ತು. ಈ ತಿಳಿವಳಿಕೆಯನ್ನು ಆ ತಾಸಿಗೆ ಹೊಂದಿಸಿಕೊಡುವುದೇ ಅವರ ನಿಜವಾದ ಕಸುಬು. ನಮ್ಮ ನಾಲ್ಕು ಊರುಗಳಿಂದ ಒಂದೊಂದು ನಿದರ್ಶನ ಕೊಡುತ್ತೇನೆ.

ಬೈಲಹೊಂಗಲ ಎರೆಭೂಮಿಯ ಊರು, ಹತ್ತಿಯ ಪೇಟೆ. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಆಳವಿಲ್ಲದ ತಳಪಾಯ ಹಾಕಿದ ಮನೆಯ ಗೋಡೆ ಕೆಲವೇ ವರ್ಷಗಳಲ್ಲಿ ಓರೆಯಾಗಿ ಸೀಳುತ್ತದೆ. ಇಂಥ ಮಣ್ಣಿಗಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡ ಅಗಲವಾದ ಕಂಬಗಳ ತಳಪಾಯವನ್ನು ರೂಪಿಸಿಕೊಟ್ಟಿತು. ತಳಪಾಯ ಗರಸು ತಾಕುವವರೆಗೆ ಇಳಿದಿದೆಯೆ ಎಂಬುದು ಮೇಲೆ ನಿಂತು ನೋಡುವವರಿಗೆ ಕಾಣದು. ಕಟ್ಟುವಾಗ ತೆಗೆದ ಫೋಟೋ, ಎಂಜಿನಿಯರರ ನಕ್ಷೆ, ಗೌಂಡಿಯ ಲೆಕ್ಕದ ಚೀಟಿ ಇದ್ದರೆ ಏಜೆಂಟರು ತೆಗೆದಿಟ್ಟಿರಬೇಕು. ‘ಚೆನ್ನಮ್ಮನ ಸಮಾಧಿಯಿಂದ ಹತ್ತ ಹೆಜ್ಜಿ’ ಎಂದು ನೂರು ಸಲ ಹೇಳುವುದಕ್ಕಿಂತ ಆ ಒಂದು ಚೀಟಿ ಹೆಚ್ಚು ತೂಗುತ್ತದೆ. ಹಳೆಯ ಮಾಳಿಗೆಮನೆಗಳಲ್ಲಿ ಇನ್ನೊಂದು ಗುಟ್ಟಿರುತ್ತದೆ, ಹಗೇವು. ಜೋಳ ತುಂಬಿಡುತ್ತಿದ್ದ ಆ ನೆಲಗುಣಿ ಅಂಗಳದ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಸರಿಯಾಗಿ ತುಂಬದಿದ್ದರೆ ಮೇಲಿನ ನೆಲ ಕುಸಿದೀತು. ಅದನ್ನು ಹೇಳಬೇಕು. ಹಾಗೆಯೇ ಅಂಥ ಮನೆಯ ಸಾಗವಾನಿ ಕಂಬ, ತೊಲೆ, ಕಡೆದ ಕಲ್ಲಿನ ಹೊಸ್ತಿಲು ಇವನ್ನೂ ತೋರಿಸಬೇಕು. ಮಣ್ಣಿನ ಗೋಡೆ ಸವಕಳಿಯಲ್ಲಿ ಕಳೆದುಹೋದರೂ ಮರಕ್ಕೂ ಕಲ್ಲಿಗೂ ಬೆಲೆ ಉಳಿದಿರುತ್ತದೆ. ಅವಸರದ ಕಣ್ಣಿಗೆ ಅದು ತಪ್ಪಬಹುದು.

ಕಿತ್ತೂರು ೧೮೨೪ರ ಹೆಸರಿನಿಂದ ನಾಡಿಗೆಲ್ಲ ಗೊತ್ತು. ಈಗ ಅದು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಹೋಗುವ ಹೊಸ ರೈಲುಮಾರ್ಗಕ್ಕೆ ೨೦೨೦ರಲ್ಲಿ ಒಪ್ಪಿಗೆ ದೊರೆಯಿತು. ಆ ಸುದ್ದಿ ಬಂದ ದಿನದಿಂದ ಮಾತಿನಲ್ಲಿ ಗುಂಟೆಯ ದರ ರೈಲಿಗಿಂತ ಮೊದಲೇ ಓಡತೊಡಗಿತು. ಗುಂಟೆಗೆ ಒಂದು ಸಾವಿರದ ಎಂಬತ್ತೊಂಬತ್ತು ಚದರಡಿ. ಅದು ಮಾತಿನಿಂದ ಹಿಗ್ಗುವುದಿಲ್ಲ. ಬರಲಿರುವುದನ್ನು ಬಂದದ್ದೆಂದು ಎಣಿಸುವಂತೆ ಮೌಲ್ಯಮಾಪಕರನ್ನು ಕೇಳಬಾರದು. ಕೇಳಬಹುದಾದದ್ದು ಬೇರೆ: ಭೂಮಿ ಕೃಷಿಯೇತರವಾಗಿ ಪರಿವರ್ತನೆಯಾದ ಆದೇಶ ಇಲ್ಲಿದೆ, ಬಡಾವಣೆಯ ಮಂಜೂರಾದ ನಕ್ಷೆ ಇಲ್ಲಿದೆ, ಹೆದ್ದಾರಿಯ ಅಂಚಿನಿಂದ ಇಷ್ಟು ದೂರ, ಭೂಸ್ವಾಧೀನದ ಗುರುತು ಈ ಸರ್ವೆ ನಂಬರಿಗೆ ಬಿದ್ದಿದೆ ಅಥವಾ ಬಿದ್ದಿಲ್ಲ. ಇವು ಸಂಗತಿಗಳು. ಸಂಗತಿಗೆ ಮೌಲ್ಯವುಂಟು, ಸುದ್ದಿಗಿರುವುದು ಬೆಲೆ ಮಾತ್ರ.

ಸವದತ್ತಿಯ ಮಾತೇ ಬೇರೆ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಜನಸಾಗರ ಹರಿದುಬರುತ್ತದೆ. ಗುಡ್ಡದ ದಾರಿಯ ಅಂಗಡಿ, ಕೋಣೆಗಳಿಗೆ ಜಾತ್ರೆಯ ದಿನಗಳಲ್ಲಿ ಬರುವ ಬಾಡಿಗೆಯನ್ನು ಹನ್ನೆರಡು ತಿಂಗಳಿಗೆ ಗುಣಿಸಿ ಹೇಳುವ ಏಜೆಂಟರುಂಟು. ಹುಣ್ಣಿಮೆ ವರ್ಷವಿಡೀ ಇರುವುದಿಲ್ಲವೆಂದು ಮೌಲ್ಯಮಾಪಕರಿಗೂ ಗೊತ್ತಿರುತ್ತದೆ. ಆದರೆ ಜಾತ್ರೆಯ ಗಳಿಕೆಯನ್ನು ಅವರು ಪೂರ್ತಿ ಬಿಟ್ಟುಬಿಟ್ಟರೂ ಅನ್ಯಾಯವೇ. ಮೂರು ವರ್ಷದ ಬಾಡಿಗೆಯ ಚೀಟಿಗಳನ್ನು, ತುಂಬಿದ ತಿಂಗಳು ಖಾಲಿ ತಿಂಗಳು ಎರಡನ್ನೂ, ಮುಚ್ಚಿಡದೆ ಮುಂದಿಟ್ಟರೆ ನ್ಯಾಯವಾದ ಸರಾಸರಿ ಸಿಗುತ್ತದೆ. ಕಾಗದಗಳಲ್ಲೂ ಇಲ್ಲಿ ಎಚ್ಚರ ಬೇಕು. ಹಿಂದಿನ ಪತ್ರಗಳಲ್ಲಿ ತಾಲೂಕು ಪರಸಗಡವೆಂದಿರುತ್ತದೆ. ಬೈಲಹೊಂಗಲದ ಪತ್ರಗಳಲ್ಲಿ ಸಂಪಗಾವವೆಂದಿರುತ್ತದೆ. ಅಳತೆ ಒಂದರಲ್ಲಿ ಅಂಕಣ, ಇನ್ನೊಂದರಲ್ಲಿ ಗಜ, ಮತ್ತೊಂದರಲ್ಲಿ ಚದರ ಮೀಟರು. ಸಿಟಿ ಸರ್ವೆ ಆಗಿರುವ ಭಾಗದಲ್ಲಿ ಪ್ರಾಪರ್ಟಿ ಕಾರ್ಡು, ಪಂಚಾಯತಿಯ ಹದ್ದಿನಲ್ಲಿ ಇ-ಸ್ವತ್ತಿನ ಉತಾರ, ಅಣ್ಣತಮ್ಮಂದಿರ ವಾಟ್ನಿ ಪತ್ರ, ಹೆಣ್ಣುಮಕ್ಕಳ ಪಾಲಿನ ಒಪ್ಪಿಗೆ ಇವೆಲ್ಲ ಒಂದೇ ಮನೆಯನ್ನು ಹೇಳುತ್ತವೆಯೆ ಎಂದು ಮೊದಲೇ ತಾಳೆ ನೋಡಿಡುವುದು ಏಜೆಂಟರ ಕೆಲಸ. ೨೦೦೫ರ ತಿದ್ದುಪಡಿಯ ಮೇಲೆ ಹೆಣ್ಣುಮಗಳ ಪಾಲು ಅಣ್ಣನ ಔದಾರ್ಯದ ಮಾತಾಗಿ ಉಳಿದಿಲ್ಲ.

ರಾಮದುರ್ಗ ೧೯೪೮ರವರೆಗೆ ಸಂಸ್ಥಾನವಾಗಿತ್ತು. ಮನೆತನಗಳಲ್ಲಿ ಉಳಿದುಬಂದ ಹಳೆಯ ಕಾಗದ ಮೋಡಿ ಲಿಪಿಯಲ್ಲಿದ್ದರೆ ಓದುವವರನ್ನು ಹುಡುಕಿ ಸಾರಾಂಶ ಬರೆಸಿಡಬೇಕು. ಆದರೆ ರಾಮದುರ್ಗದ ಮುಖ್ಯ ಪ್ರಶ್ನೆ ಕಾಗದದ್ದಲ್ಲ, ನೀರಿನದು. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಊರೊಳಗೆ ನುಗ್ಗಿದಳು. ಸವದತ್ತಿ ತಾಲೂಕಿನ ಮುನವಳ್ಳಿಯೂ ನೀರಿನಲ್ಲಿ ನಿಂತಿತು. ನೆರೆ ಇಳಿದ ಮೇಲೆ ಗೋಡೆಯ ಮೇಲೆ ಒಂದು ಗೆರೆ ಉಳಿಯಿತು. ಆ ಗೆರೆಯ ಮೇಲೆ ಸುಣ್ಣ ಬಳಿಯುವುದು ಸುಲಭ. ಬೇಸಗೆಯಲ್ಲಿ ಬಂದು ನೋಡುವ ಮೌಲ್ಯಮಾಪಕರಿಗೆ ಹೊಳೆ ದೂರದಲ್ಲಿ ತೆಳ್ಳಗೆ ಮಲಗಿರುವುದು ಕಾಣುತ್ತದೆ. ಅದು ಎಲ್ಲಿಯವರೆಗೆ ಎದ್ದು ಬಂದಿತ್ತೆಂಬುದನ್ನು ಬಲ್ಲವರು ಏಜೆಂಟರು. ಅವರು ಸುಮ್ಮನಿದ್ದರೆ ಮೌಲ್ಯ ಹೆಚ್ಚಾದೀತು, ಸಾಲ ಹೆಚ್ಚಾದೀತು, ದಲಾಲಿಯೂ ಬಂದೀತು. ಇಪ್ಪತ್ತು ವರ್ಷ ಕಂತು ಕಟ್ಟುವ ಆ ನೇಕಾರನ ಮಗ್ಗದ ಗುಣಿಗೆ ಮುಂದಿನ ನೆರೆಯಲ್ಲಿ ನೀರು ತುಂಬಿದಾಗ ಆ ಮೌನದ ಬೆಲೆ ತಿಳಿಯುತ್ತದೆ. ಆಸ್ತಿಯಲ್ಲಿ ತನಗೆ ಗೊತ್ತಿದ್ದು ಕೊಳ್ಳುವವನಿಗೆ ಸುಲಭವಾಗಿ ಗೊತ್ತಾಗದ ದೊಡ್ಡ ದೋಷವನ್ನು ಮಾರುವವನು ತಿಳಿಸಲೇಬೇಕೆಂದು ೧೮೮೨ರ ಸ್ವತ್ತು ವರ್ಗಾವಣೆಯ ಕಾನೂನೇ ಹೇಳಿದೆ. ಏಜೆಂಟರು ಮಾರುವವನಿಗೆ ಈ ಮಾತನ್ನು ನೆನಪಿಸಿ, ನೀರು ಬಂದ ಎತ್ತರವನ್ನೂ, ಬಳಿಕ ಮಾಡಿಸಿದ ದುರಸ್ತಿಯನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಮೌಲ್ಯ ಒಂದಿಷ್ಟು ಇಳಿದೀತು. ಇಳಿಯಲಿ. ಅದು ಇಳಿಯಬೇಕಾದ ಜಾಗವೇ.

ಏಜೆಂಟರು ಮೌಲ್ಯಮಾಪಕರೊಡನೆ ಮಾತನಾಡುವುದೇ ತಪ್ಪೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಅಮೆರಿಕೆಯ ಉದಾಹರಣೆ ಇಲ್ಲಿ ಬೆಳಕು ಕೊಡುತ್ತದೆ. ಅಲ್ಲಿ ೨೦೦೮ರ ಹೊತ್ತಿಗೆ ಮನೆಸಾಲದ ವ್ಯವಸ್ಥೆ ಕುಸಿಯಿತು. ಸಾಲ ಕೊಡಿಸುವವರ ಒತ್ತಡಕ್ಕೆ ಮಣಿದು ಉಬ್ಬಿಸಿದ ಮೌಲ್ಯಗಳೂ ಅದಕ್ಕೊಂದು ಕಾರಣವೆಂದು ಕಂಡುಬಂತು. ೨೦೦೯ರಲ್ಲಿ ಒಂದು ನಿಯಮಾವಳಿ, ೨೦೧೦ರಲ್ಲಿ ಡಾಡ್-ಫ್ರ್ಯಾಂಕ್ ಕಾನೂನು ಬಂದು ಮೌಲ್ಯಮಾಪಕರ ಮೇಲೆ ಒತ್ತಡ ತರುವುದನ್ನು ನಿಷೇಧಿಸಿದವು. ಆದರೆ ಅದೇ ಕಾನೂನು ಮೂರು ಬಾಗಿಲುಗಳನ್ನು ತೆರೆದಿಟ್ಟಿತು. ಇನ್ನಷ್ಟು ಮಾಹಿತಿಯನ್ನು ಪರಿಗಣಿಸಿರಿ ಎನ್ನಬಹುದು; ನಿಮ್ಮ ತೀರ್ಮಾನಕ್ಕೆ ಹೆಚ್ಚಿನ ವಿವರಣೆ ಕೊಡಿರಿ ಎನ್ನಬಹುದು; ವರದಿಯಲ್ಲಿರುವ ತಪ್ಪನ್ನು ತಿದ್ದಿರಿ ಎನ್ನಬಹುದು. ಅಂಕಿಯನ್ನು ಏರಿಸಿರಿ ಎನ್ನುವಂತಿಲ್ಲ. ಕಡಲಾಚೆಯ ಕಾನೂನು ನಮಗೆ ಅನ್ವಯಿಸುವುದಿಲ್ಲ ನಿಜ. ಈ ಮೂರು ಬಾಗಿಲುಗಳ ವಿವೇಕ ಯಾವ ಊರಿಗಾದರೂ ಸಲ್ಲುತ್ತದೆ.

ಅದನ್ನು ನಮ್ಮ ಏಜೆಂಟರ ಭಾಷೆಯಲ್ಲಿ ಹೀಗೆ ಹೇಳಬಹುದು. ಮೌಲ್ಯಮಾಪಕರು ಬರುವ ಮುನ್ನ ಎಲ್ಲ ಕೋಣೆಗಳ ಕೀಲಿ ಸಿದ್ಧವಿರಲಿ. ಅಟ್ಟ, ಹಿತ್ತಲು, ದನದ ಕೊಟ್ಟಿಗೆ ಯಾವುದೂ ಮುಚ್ಚಿರಬಾರದು. ಕಾಗದಗಳ ಒಂದು ಪ್ರತಿ ಕೈಗೆ ಕೊಡಿರಿ. ಆ ಓಣಿಯ ಇತ್ತೀಚಿನ ಮೂರೋ ನಾಲ್ಕೋ ಮಾರಾಟಗಳನ್ನು ದಸ್ತಾವೇಜಿನ ಸಂಖ್ಯೆ ಸಹಿತ ಬರೆದುಕೊಡಿರಿ. ನಿಮಗೆ ಅನುಕೂಲವಾದವನ್ನು ಮಾತ್ರವಲ್ಲ, ಅನುಕೂಲವಲ್ಲದ ಒಂದನ್ನೂ ಸೇರಿಸಿರಿ. ಆ ಒಂದರಿಂದ ಉಳಿದ ಮೂರಕ್ಕೆ ನಂಬಿಕೆ ಬರುತ್ತದೆ. ಕೇಳಿದ್ದಕ್ಕೆ ಉತ್ತರ ಕೊಟ್ಟು ಪಕ್ಕಕ್ಕೆ ಸರಿಯಿರಿ. ಚಹಾ ಕೊಡಿರಿ, ಅದು ನಮ್ಮ ನಾಡಿನ ಮರ್ಯಾದೆ. ಚಹಾಕ್ಕಿಂತ ಮುಂದೆ ಹೋಗಬೇಡಿರಿ. ವರದಿಯಲ್ಲಿ ಅಳತೆ ತಪ್ಪಿದ್ದರೆ, ಮೇಲಿನ ಮಹಡಿ ಬಿಟ್ಟುಹೋಗಿದ್ದರೆ, ಬ್ಯಾಂಕಿನ ಮೂಲಕ ಲಿಖಿತವಾಗಿ ತಿಳಿಸಿರಿ. ಮತ್ತು ಸಾಲದ ಆಸರೆಯಿಂದಲೇ ಕೊಳ್ಳುವ ಗಿರಾಕಿಯಾದರೆ, ಮೌಲ್ಯದ ವರದಿ ಕಡಿಮೆಯಾದರೆ ಸಂಚಕಾರ ಹಿಂತಿರುಗತಕ್ಕದ್ದು ಎಂಬ ಒಂದು ಸಾಲನ್ನು ಕರಾರಿನಲ್ಲಿ ಬರೆಸಿರಿ. ಆ ಒಂದು ಸಾಲು ಎಷ್ಟು ಮನೆಗಳ ನಿದ್ರೆಯನ್ನು ಉಳಿಸೀತೆಂದು ಹೇಳಲಾಗದು.

ಮೌಲ್ಯಮಾಪಕರಿಗೂ ನನ್ನದೊಂದು ವಿನಂತಿಯಿದೆ. ಸ್ವತಂತ್ರನಾಗಿರುವುದೆಂದರೆ ಕಿವುಡನಾಗಿರುವುದಲ್ಲ. ಬಾಗಿಲಲ್ಲೇ ನಿಂತು ನಾಲ್ಕು ಫೋಟೋ ತೆಗೆದುಕೊಂಡು ಹೊರಟರೆ, ಮಾರ್ಗಸೂಚಿ ದರವನ್ನೇ ಎತ್ತಿ ಬರೆದು ಮುಗಿಸಿದರೆ, ಅದು ನಿಷ್ಪಕ್ಷಪಾತವಲ್ಲ, ಆಲಸ್ಯ. ದಲಾಲರೆಂದ ಮಾತ್ರಕ್ಕೆ ಅವರ ಮಾತೆಲ್ಲ ಸುಳ್ಳೆಂದು ತಿಳಿಯಬೇಡಿರಿ. ಹೇಳಿದ್ದನ್ನು ಕೇಳಿರಿ, ಪರೀಕ್ಷಿಸಿರಿ, ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂಬುದನ್ನು ವರದಿಯಲ್ಲಿ ಎರಡು ಸಾಲು ಬರೆಯಿರಿ. ಇಪ್ಪತ್ತೈದು ಎಂಬ ಅಂಕಿಗಿಂತ, ಇಪ್ಪತ್ತೈದು ಏಕೆ ಎಂಬ ಎರಡು ಸಾಲು ಕೊಳ್ಳುವವನಿಗೆ ಹೆಚ್ಚು ಉಪಕಾರಿ. ಆ ಸಾಲುಗಳನ್ನು ಹಿಡಿದುಕೊಂಡು ಅವನು ಮಾರುವವನ ಮುಂದೆ ಕುಳಿತು ಬೆಲೆಯನ್ನು ಮತ್ತೊಮ್ಮೆ ಮಾತನಾಡಬಲ್ಲ.

ಕಾಯಕವೆಂಬ ಶಬ್ದವನ್ನು ಲೋಕಕ್ಕೆ ಕೊಟ್ಟ ನಾಡು ನಮ್ಮದು. ಮಾರಿಸುವುದೂ ಕಾಯಕ, ಅಳೆಯುವುದೂ ಕಾಯಕ. ಎರಡಕ್ಕೂ ಒಡೆಯ ಒಬ್ಬನೇ: ಜೀವಮಾನದ ಉಳಿತಾಯವನ್ನು ಕೈಯಲ್ಲಿ ಹಿಡಿದು, ತನಗೆ ತಿಳಿಯದ ಕಾಗದಗಳ ಮೇಲೆ ಸಹಿ ಹಾಕಲು ಬಂದಿರುವ ಆ ಮನುಷ್ಯ. ಅವನು ಏಜೆಂಟರ ಮಾತನ್ನು ನಂಬಿ ಸಂಚಕಾರ ಕೊಟ್ಟಿದ್ದಾನೆ, ಮೌಲ್ಯಮಾಪಕರ ಸಹಿಯನ್ನು ನಂಬಿ ಇಪ್ಪತ್ತು ವರ್ಷದ ಸಾಲಕ್ಕೆ ಕೊರಳೊಡ್ಡಿದ್ದಾನೆ. ಅವನು ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ದಿನ ಈ ಇಬ್ಬರನ್ನೂ ಊಟಕ್ಕೆ ಕರೆಯಲಿ, ಇಬ್ಬರೂ ಒಂದೇ ಪಂಕ್ತಿಯಲ್ಲಿ ಕಣ್ಣು ತಪ್ಪಿಸದೆ ಕುಳಿತು ಉಣ್ಣಲಿ. ಇದಕ್ಕಿಂತ ಹೆಚ್ಚಿನದನ್ನು ನಾನು ಬಯಸುವುದಿಲ್ಲ.